ಮೊದಲ ಓಟು ಹಾಕುತ್ತಿದ್ದ ನೀರುಗಂಟಿ

ನಮ್ಮ ಶಾಲೆಯ ನಲ್ಲಿ ತಿರುಗಿಸಿದರೆ ನೀರು ಬರುವುದಕ್ಕೆ ಮೊದಲು ಸ್ವಲ್ಪ ಹೊತ್ತು ಬರೀ ಗಾಳಿ ಬರುತ್ತದೆ. ಉಸ್ಸೆಂದು ಒಂದು ಸದ್ದು, ನಡುವೆ ಯಾರೋ ಎರಡು ಸಲ ಕೆಮ್ಮಿದ ಹಾಗೆ. ಮಕ್ಕಳಿಗೆ ಅದು ನಗು. ನಾನು ಮಾತ್ರ ಆ ಸದ್ದಿಗೆ ಕೈ ಹಿಂದಕ್ಕೆ ತೆಗೆದುಬಿಡುತ್ತೇನೆ. "ಗಾಳಿ ಬಂತು ಅಂತ ಎದ್ರುಕೋಬ್ಯಾಡಿ ಮೇಡಂ, ನೀರು ಅದ್ರಿಂದೇನೇ ಬತ್ತಾ ಅದೆ" ಎಂದು ಗೇಟಿನ ಆಚೆಯಿಂದ ಹೇಳುತ್ತಿದ್ದವರು ಈಗಿಲ್ಲ. ಅವರು ತೀರಿಕೊಂಡು ವರ್ಷ ದಾಟಿತು. ಸರ್ಕಾರದ ಕಾಗದದಲ್ಲಿ ಅದಕ್ಕೂ ಏಳು ತಿಂಗಳು ಮೊದಲೇ ತೀರಿಕೊಂಡಿದ್ದರು. ಹಾಗೆ ಬರೆದವಳು ನಾನು.

ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ಹಾಸನದಿಂದ ಹೊಳೆನರಸೀಪುರದ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಊರು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರು. ಜೊತೆಗೆ ಆ ಊರಿನ ಬಿಎಲ್‌ಒ. ಅಂದರೆ ಮತದಾರರ ಪಟ್ಟಿ ಹಿಡಿದುಕೊಂಡು ಮನೆಮನೆ ಅಲೆದು, ಹದಿನೆಂಟು ತುಂಬಿದವರನ್ನು ಸೇರಿಸಿ ಸತ್ತವರನ್ನು ತೆಗೆಸುವ ಕೆಲಸ. ಈ ಕೆಲಸ ಎಂದರೆ ಮೊದಲಿನಿಂದಲೂ ನನಗೆ ಮೈ ಉರಿ. ಪಾಠ ಮಾಡಲು ಸಂಬಳ ಕೊಟ್ಟು, ಪಾಠ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿಸುತ್ತಾರೆ ಎಂದು ಟೀಚರುಗಳ ಮೀಟಿಂಗಿನಲ್ಲಿ ಗೊಣಗುವವರಲ್ಲಿ ನಾನೇ ಮುಂದು.

ಅವರು ಪಂಚಾಯ್ತಿಯ ನೀರುಗಂಟಿ. ಟ್ಯಾಂಕಿನಿಂದ ಬೀದಿಬೀದಿಗೆ ನೀರು ಬಿಡುವವರು. ಖಾಕಿ ಶರ್ಟು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆ. ಕೇರಿಯ ಕಟ್ಟಕಡೆಯ ಮನೆ ಅವರದು. ಒಳಗಿನ ಗೋಡೆಯ ಮೇಲೆ ಬುದ್ಧನ ಪಟ ಒಂದೇ ಇತ್ತು, ಬೇರೆ ದೇವರಿರಲಿಲ್ಲ. ನಾನು ಚನ್ನರಾಯಪಟ್ಟಣದ ಕಡೆಯ ದೊಡ್ಡ ಹಿಡುವಳಿಯ ಮನೆಯಿಂದ ಬಂದವಳು. ನಮ್ಮಪ್ಪ ನಮ್ಮೂರಿನ ನೀರುಗಂಟಿಯನ್ನು "ಲೋ" ಎಂದೇ ಕರೆಯುತ್ತಿದ್ದದ್ದು, ಅವನು ಜಗುಲಿ ಹತ್ತಿದ್ದನ್ನು ನಾನು ನೋಡಿಲ್ಲ. ಇವರನ್ನು ನಾನು "ಯಜಮಾನ್ರೇ" ಎಂದು ಕರೆದಾಗ ಏನೋ ದೊಡ್ಡ ಉಪಕಾರ ಮಾಡಿದವಳಂತೆ ನನ್ನೊಳಗೇ ಒಂದು ಜಂಬ. ಅದು ಅವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗದವರ ಹಾಗೆ ಇರುತ್ತಿದ್ದರು.

ಎಲ್ಲ ಊರಲ್ಲೂ ಟ್ಯಾಂಕಿಗೆ ಹತ್ತಿರದ ಬೀದಿಗೆ ಮೊದಲು ನೀರು. ಇವರು ಹಾಗೆ ಮಾಡುತ್ತಿರಲಿಲ್ಲ. ಟ್ಯಾಂಕು ತುಂಬಿದ ಕೂಡಲೇ ಮಿಕ್ಕ ವಾಲ್ವುಗಳನ್ನೆಲ್ಲ ಕಟ್ಟಿ, ಕೊನೆಯ ಬೀದಿಗೆ ಮೊದಲು ಬಿಡುತ್ತಿದ್ದರು. ಟ್ಯಾಂಕು ತುಂಬಿದ್ದಾಗ ಒತ್ತಡ ಜಾಸ್ತಿ, ಆಗ ಬಿಟ್ಟರೆ ಮಾತ್ರ ಕೊನೆಗೆ ಮುಟ್ಟುತ್ತದೆ. ಹತ್ತಿರದವರಿಗೆ ಆಮೇಲೆ ಬಿಟ್ಟರೂ ಬರುತ್ತದೆ ಎನ್ನುವುದು ಅವರ ವಾದ. ಮೇಲಿನ ಬೀದಿಯವರು ಇದಕ್ಕಾಗಿ ಎರಡು ಸಲ ಅವರನ್ನು ಕೆಲಸದಿಂದ ತೆಗೆಸಲು ನೋಡಿದರು. "ನಿನ್ ಮನೆ ಕೊನೇಲದೆ ಅಂತ ತಾನೇನ್ಲಾ ಈ ನ್ಯಾಯ?" ಎಂದು ಒಬ್ಬರು ಕೇಳಿದ್ದಕ್ಕೆ ಇವರು, "ಊಂ ಕಣ್ ಬುದ್ದಿ, ನಮ್ಮನೆ ಕೊನೇಲಿ ಯಾಕದೆ ಅಂತ ನೀವೇ ಯೋಳ್ಬೇಕು" ಎಂದರಂತೆ.

ಲೋಕಸಭೆಯ ಚುನಾವಣೆ ಬಂತೆಂದರೆ ಅವರಿಗೆ ಒಂಥರಾ ಹುರುಪು. ಪಂಚಾಯ್ತಿ ಓಟು ನೆಂಟರ ಜಗಳ, ದಿಲ್ಲಿ ಓಟು ದೇಶದ ಮಾತು ಎನ್ನುವುದು ಎಲ್ಲರ ಅಭಿಪ್ರಾಯವಾದರೆ, ಇವರಿಗೆ ದಿಲ್ಲಿಯೂ ಒಂದು ದೊಡ್ಡ ಟ್ಯಾಂಕು ಅಷ್ಟೆ. ಯಾವ ಪಕ್ಷದ ಹುಡುಗರು ಬಂದರೂ ಅವರನ್ನು ತಮ್ಮ ಮನೆಯ ಮುಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, "ತಿರುಗ್ಸಿ ನೋಡಿ" ಎನ್ನುತ್ತಿದ್ದರು. ಹೊಸ ಯೋಜನೆಯ ನಲ್ಲಿ, ನೀಲಿ ಪೈಪು, ಮೀಟರು ಎಲ್ಲ ಇತ್ತು. ನೀರಿರಲಿಲ್ಲ. ಹಳೇ ಲೈನಿನ ನೀರನ್ನೇ ಜನ ಹಿಡಿಯುತ್ತಿದ್ದರು.

"ಯಜಮಾನ್ರೇ, ಇದು ದೇಶದ ಓಟು. ನೀರು ಗೀರು ಎಲ್ಲ ಪಂಚಾಯ್ತಿದು" ಎಂದ ಒಬ್ಬ ಹುಡುಗ, ನನ್ನೆದುರೇ.

"ಅಂಗಾ? ದೇಶ ಎಲ್ಲಿಂದ ಸುರುವಾಯ್ತದಪ್ಪ? ಪಕ್ಕದೂರು ಕಟ್ಟಾಯ ದಾಟಿದ ಮ್ಯಾಲಾ?"

ಹುಡುಗ ನಕ್ಕು ತಪ್ಪಿಸಿಕೊಳ್ಳಲು ನೋಡಿದ. ಇವರು ಬಿಡಲಿಲ್ಲ. ರಾಗಿ ಬೆಳೆಯುವ, ರಾಗಿ ತಿನ್ನುವ ಊರಿಗೆ ಅಕ್ಕಿಯನ್ನೇ ಯಾಕೆ ತುಂಬುತ್ತೀರಿ? ಕೂಲಿ ಕಾರ್ಡಿದೆ, ಕೆಲಸ ಎಲ್ಲಿ? ನಮ್ಮ ಕೇರಿಯಲ್ಲಿ ಸತ್ತರೆ ಹೂಳುವುದಕ್ಕೆ ಜಾಗ ಇಲ್ಲ, ಕೆರೆಯ ಅಂಚಿನಲ್ಲಿ ಹೂಳುತ್ತೇವೆ, ಕೆರೆ ತುಂಬಿದ ವರ್ಷ ನಮ್ಮ ಹೆತ್ತವರು ನೀರಿನೊಳಗೆ ಇರುತ್ತಾರೆ. "ಇದೂ ಪಂಚಾಯ್ತಿದೇನಪ್ಪ?" ಎಂದು ಕೇಳಿದಾಗ ಆ ಹುಡುಗ ಮೊಬೈಲು ತೆಗೆದು ಕಿವಿಗಿಟ್ಟುಕೊಂಡ. ಅದು ರಿಂಗಾಗಿರಲಿಲ್ಲ.

ನನ್ನನ್ನೂ ಬಿಟ್ಟವರಲ್ಲ. ನಮ್ಮ ಶಾಲೆಯಲ್ಲಿ ಆಗ ಉಳಿದಿದ್ದದ್ದು ಹನ್ನೊಂದು ಮಕ್ಕಳು. ಮುಚ್ಚುತ್ತಾರೆ ಎಂಬ ಸುದ್ದಿ ಇತ್ತು. ಮುಚ್ಚಬಾರದು ಎಂದು ನಾನು ಅವರೆದುರು ಉದ್ದಕ್ಕೆ ಭಾಷಣ ಬಿಗಿದೆ. ಸಲಾಕೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡರು.

"ಅದೆಲ್ಲ ಸರಿ. ನಿಮ್ ಮಗ್ಳು ಎಲ್ಲಿ ಓದಿದ್ದು ಮೇಡಂ?"

ಹಾಸನದ ಇಂಗ್ಲಿಷ್ ಕಾನ್ವೆಂಟಿನಲ್ಲಿ. ನಾನು ಕೈಯಲ್ಲಿದ್ದ ಹಾಜರಿ ಪುಸ್ತಕ ತೆರೆದೆ. "ಬೇಜಾರ್ ಮಾಡ್ಕೋಬ್ಯಾಡಿ, ಕೇಳ್ದೆ ಅಷ್ಟೆಯ" ಎಂದು ಹೋದರು. ಆ ಇಡೀ ದಿನ ನನಗೆ ಅವರ ಮೇಲೆ ಸಿಟ್ಟು.

ಇಷ್ಟೆಲ್ಲ ಮಾತಾಡುವವರು ಯಾರಿಗೆ ಓಟು ಹಾಕುತ್ತಾರೆ ಎಂದು ಮಾತ್ರ ಯಾರಿಗೂ ತಿಳಿಯದು. ಅವರ ಹೆಂಡತಿ ಗಟ್ಟಿ ಹೆಂಗಸು, ಕಟ್ಟಾಯದ ಕಡೆಯವರು, ಬಾಯಿ ಜೋರು. "ನಲವತ್ತೊರ್ಸ ಒಂದೇ ಮುದ್ದೆ ಮುರ್ಕೊಂಡ್ ತಿಂದಿವ್ನಿ ಮೇಡಂ, ಒಂದ್ ದಿನ ಬಾಯ್ ಬುಟ್ಟಿಲ್ಲ ಈ ಮುದ್ಕ. ನಾನೂ ಯೋಳಕಿಲ್ಲ ಬುಡಿ" ಎಂದು ಗಂಡನ ಮುಂದೆಯೇ ಛೇಡಿಸುತ್ತಿದ್ದರು. ಅವರು ನಗುತ್ತಿದ್ದರು.

ಇನ್ನೊಂದು ಹಟ. ನಮ್ಮ ಬೂತಿನಲ್ಲಿ ಮೊದಲನೇ ಓಟು ಅವರದೇ ಆಗಬೇಕು. ಮತದಾನದ ದಿನ ತಲೆಗೆ ಸ್ನಾನ ಮಾಡಿ, ಬಿಳಿ ಶರ್ಟು ಹಾಕಿ, ಬಾಗಿಲು ತೆಗೆಯುವುದಕ್ಕೆ ಒಂದು ಗಂಟೆ ಮೊದಲೇ ಬಂದು ನಿಲ್ಲುತ್ತಿದ್ದರು. ಯಾಕೆ ಯಜಮಾನ್ರೇ, ಹತ್ತು ಗಂಟೆಗೆ ಬಂದರೆ ಪೆಟ್ಟಿಗೆ ಓಡಿಹೋಗುತ್ತದಾ ಎಂದು ನಾನೊಮ್ಮೆ ತಮಾಷೆ ಮಾಡಿದೆ. ಅವರ ಅಪ್ಪ ಮೊದಲ ಸಲ ಓಟು ಹಾಕಲು ಬಂದಾಗ, ಮೇಲಿನ ಬೀದಿಯವರೆಲ್ಲ ಹಾಕಿ ಮುಗಿಯುವ ತನಕ ಹುಣಸೇಮರದ ಕೆಳಗೆ ಕೂರಿಸಿದ್ದರಂತೆ. ಕತ್ತಲಾಯಿತು ನಾಳೆ ಬಾ ಎಂದು ಕಳಿಸಿದರಂತೆ. ಮಾರನೆಯ ದಿನ ಹೋದರೆ ಪೆಟ್ಟಿಗೆಯೂ ಇಲ್ಲ, ಸಾಹೇಬರೂ ಇಲ್ಲ. "ನಮ್ಮಪ್ಪ ಅದನ್ನ ನಗ್ತಾ ಯೋಳೋನು ಮೇಡಂ. ನಂಗೆ ಮಾತ್ರ ನಗ ಬರ್ನಿಲ್ಲ" ಎಂದರು.

ಇಂಥವರ ಹೆಸರನ್ನು ನಾನು ಹೊಡೆದುಹಾಕಿದೆ.

ಕಳೆದ ಲೋಕಸಭಾ ಚುನಾವಣೆಯ ವರ್ಷ. ಸಂಕ್ರಾಂತಿ ಕಳೆದ ಮೇಲೆ ನಾನು ಹದಿನೈದು ದಿನ ರಜೆಯಲ್ಲಿದ್ದೆ. ಮಗಳು ಚೊಚ್ಚಲ ಬಸುರಿ, ಮನೆಗೆ ಕರೆತಂದಿದ್ದೆವು. ರಜೆ ಮುಗಿಸಿ ಬಂದರೆ ಪಟ್ಟಿಯ ಕೆಲಸ ತಲೆಯ ಮೇಲೆ ಕೂತಿತ್ತು. ಎರಡೇ ದಿನದಲ್ಲಿ ಎಲ್ಲ ಮನೆ ಮುಗಿಸಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕೇರಿಯ ಕೊನೆಗೆ ಬಂದೆ. ಅವರ ಮನೆಯ ಬಾಗಿಲಿಗೆ ಬೀಗ, ಅದರ ಮೇಲೆ ಅಡ್ಡಡ್ಡ ಜಾಲಿ ಮುಳ್ಳು ಒಟ್ಟಿತ್ತು.

ನಮ್ಮ ಕಡೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಗೆ ಮುಳ್ಳು ಹಾಕಿ, ಮೂರು ತಿಂಗಳೋ ಆರು ತಿಂಗಳೋ ಬಿಟ್ಟುಹೋಗುತ್ತಾರೆ. ಇಲ್ಲದಿದ್ದರೆ ಆ ಮನೆಯಲ್ಲೋ ಅಕ್ಕಪಕ್ಕದಲ್ಲೋ ಇನ್ನೊಂದು ಸಾವು ಎಂಬ ಭಯ. ಅಂಥ ಮನೆಯ ಅಂಗಳ ತುಳಿಯಬಾರದು, ಬಸುರಿ ಇರುವ ಮನೆಯವರಂತೂ ಅತ್ತ ನೋಡಲೂಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ವಿಜ್ಞಾನ ಪಾಠ ಮಾಡುವವಳು. ಗ್ರಹಣದ ದಿನ ಮಕ್ಕಳಿಗೆ ಬಿಸ್ಕತ್ತು ಹಂಚಿ ತಿನ್ನಿಸಿದವಳು. ಆ ಅಂಗಳದಿಂದ ಇಪ್ಪತ್ತು ಹೆಜ್ಜೆ ಹಿಂದೆಯೇ ನನ್ನ ಕಾಲು ನಿಂತಿತು. ಮಗಳ ಹೊಟ್ಟೆ ಕಣ್ಣ ಮುಂದೆ ಬಂತು.

ಸತ್ತವರು ಯಾರು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ ಅನ್ನಿಸಿತು. ವರ್ಷದಿಂದ ಎದೆನೋವು, ಕೆಮ್ಮು ಎಂದು ಹಾಸನದ ಆಸ್ಪತ್ರೆಗೆ ಅಲೆಯುತ್ತಿದ್ದವರು ಅವರು. ಹೆಂಡತಿ ಕಲ್ಲುಗುಂಡು. ಅಯ್ಯೋ ಹೋಗಿಬಿಟ್ಟರಲ್ಲ ಎಂದು ಕಣ್ಣಲ್ಲಿ ನೀರೂ ಬಂತು, ಸುಳ್ಳಲ್ಲ. ಅಲ್ಲೇ ನಿಂತು, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಮರಣ' ಎಂದು ಗುರುತು ಹಾಕಿದೆ. ಹೆಸರು ತೆಗೆಸುವ ನಮೂನೆ ಏಳನ್ನು ತುಂಬಿ, ಮೇಲಿನ ಬೀದಿಯ ರೇಷನ್ ಅಂಗಡಿಯ ಮುಂದೆ ಕೂತಿದ್ದ ಇಬ್ಬರ ಹತ್ತಿರ ಸಾಕ್ಷಿ ಸಹಿ ಹಾಕಿಸಿದೆ. ಮೇಡಂ ಕೊಟ್ಟ ಕಾಗದ ಎಂದು ಅವರೂ ಓದಲಿಲ್ಲ. ಮಾರನೆಯ ದಿನ ಶಾಲೆಯ ಅಡುಗೆಯವಳಿಗೆ "ನೀರುಗಂಟಿ ಮನೆಯಲ್ಲಿ ಹೀಗಾಯ್ತಲ್ಲ" ಅಂದೆ. "ಊಂ ಮೇಡಂ, ಪಾಪ" ಅಂದಳು. ಅಷ್ಟಕ್ಕೆ ಮುಗಿಯಿತು.

ಮತದಾನದ ದಿನ ಬೆಳಿಗ್ಗೆ ಆರೂವರೆಗೆ ನಾನು ಶಾಲೆಗೆ ಬಂದಾಗ ಬಾಗಿಲ ಮುಂದೆ ಒಬ್ಬರೇ ನಿಂತಿದ್ದರು. ಬಿಳಿ ಶರ್ಟು. ದೆವ್ವ ನೋಡಿದೆ ಎನ್ನುವುದು ಬರೀ ಮಾತಲ್ಲ, ಆ ಗಳಿಗೆಯಲ್ಲಿ ನಿಜವಾಗಿ ಹಾಗೆಂದೇ ಅಂದುಕೊಂಡೆ.

"ಸಂದಾಕಿದೀರಾ ಮೇಡಂ? ಮಗ್ಳಿಗೆ ಎರ್ಗೆ ಆಯ್ತಾ?"

ಸತ್ತದ್ದು ಹೆಂಡತಿ. ಹೊಲದಲ್ಲಿ ಹಾವು ಕಚ್ಚಿ, ಗಾಡಿ ಸಿಕ್ಕುವಷ್ಟರಲ್ಲಿ ಮುಗಿದಿತ್ತಂತೆ. ಅಂದಿನಿಂದ ಇವರು ಅರಕಲಗೂಡಿನಲ್ಲಿ ತಂಗಿಯ ಮನೆಯಲ್ಲಿದ್ದರು. ಓಟಿಗೆಂದು ಹಿಂದಿನ ಸಂಜೆಯೇ ಬಂದು ಪಂಪ್‌ಹೌಸಿನಲ್ಲಿ ಮಲಗಿದ್ದರು. "ನಕ್ಸತ್ರ ಗಿಕ್ಸತ್ರ ನಾನ್ ನಂಬಕಿಲ್ಲ ಮೇಡಂ. ಆದ್ರೆ ಪಕ್ಕದ್ ಮನೆ ಹೆಣ್ಮಗ ಬಸುರಿ. ನೀವ್ ಇಲ್ಲೇ ಇದ್ರೆ ಎದ್ರಿಕೆ ಆಯ್ತದೆ ಕಣಣ್ಣ ಅಂತ ಅತ್ಲು. ಅವ್ಳ ನಿದ್ದೆಗಿಂತ ನನ್ ಮನೆ ದೊಡ್ದಾ ಅಂತ ಬುಟ್ಟೋದೆ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಏಳು ಗಂಟೆಗೆ ಬಾಗಿಲು ತೆಗೆದರು, ಅವರು ಒಳಗೆ ಹೋದರು. ಎರಡು ನಿಮಿಷಕ್ಕೆ ಒಳಗಿಂದ ನನಗೆ ಕರೆ ಬಂತು.

ಮೇಜಿನ ಮೇಲೆ ಪಟ್ಟಿ ತೆರೆದಿತ್ತು. ಒಂದು ಚೌಕದಲ್ಲಿ ಅವರ ಹೆಸರು, ಅದರ ಮೇಲೆ ಓರೆಯಾಗಿ 'ಡಿಲೀಟೆಡ್' ಎಂಬ ಅಚ್ಚು. ಪಕ್ಕದ ಚೌಕದಲ್ಲಿ ಅವರ ಹೆಂಡತಿ, ಫೋಟೋ ಸಮೇತ, ಏನೂ ಆಗದವರ ಹಾಗೆ. ಅವರು ಬಗ್ಗಿ ಆ ಫೋಟೋವನ್ನೇ ನೋಡುತ್ತಿದ್ದರು.

"ಇವ್ಳು ನನ್ನೆಂಡ್ತಿ ಸಾ. ಇವ್ಳು ಓಗಿ ಮೂರ್ ತಿಂಗ್ಳಾಯ್ತು. ಇಲ್ಲಿ ಇವ್ಳು ಅವ್ಳೆ, ನಾನಿಲ್ಲ."

"ಪಟ್ಟಿಯಲ್ಲಿ ಇಲ್ಲ ಅಂದರೆ ನಾನೇನೂ ಮಾಡೋಕಾಗಲ್ಲ ಯಜಮಾನ್ರೇ" ಎಂದರು ಬೂತಿನ ಅಧಿಕಾರಿ. ಕೆಟ್ಟವರೇನಲ್ಲ, ಬೇರೆ ತಾಲ್ಲೂಕಿನ ಮೇಷ್ಟ್ರು. "ಮೇಡಂ, ಇದು ಹೇಗಾಯ್ತು?"

ಅವರು ನನ್ನ ಕಡೆ ತಿರುಗಿದರು. "ನಾನ್ ಸತ್ತೆ ಅಂತ ಯಾರ್ ಬರ್ಸಿದ್ದು ಮೇಡಂ?"

"ಕಂಪ್ಯೂಟರಿನಲ್ಲಿ ಅದಲುಬದಲಾಗಿದೆ" ಅಂದೆ. ನನ್ನ ದನಿ ಸರಾಗವಾಗಿಯೇ ಬಂತು. ಇಪ್ಪತ್ತಾರು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದ ದನಿ.

ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೂಗಾಡಲಿಲ್ಲ. "ನಿಮ್ಮುನ್ ಅಂದು ಏನ್ ಬಂತು ಬುಡಿ" ಎಂದು ನನಗೇ ಸಮಾಧಾನ ಹೇಳಿ, ಹಿಂದೆ ನಿಂತಿದ್ದವಳಿಗೆ "ನೀನ್ ಓಗವ್ವ" ಎಂದು ದಾರಿ ಬಿಟ್ಟರು. ಆಮೇಲೆ ಹೊರಗೆ ಬಂದು ಶಾಲೆಯ ಜಗುಲಿಯ ಮೇಲೆ ಕೂತರು. ಮನೆಗೆ ಹೋಗುವಂತಿರಲಿಲ್ಲ, ಅರಕಲಗೂಡಿನ ಬಸ್ಸು ಹಿಡಿಯಲೂ ಇಲ್ಲ. ಇಡೀ ದಿನ ಅಲ್ಲೇ ಕೂತು ಸಾಲನ್ನು ನೋಡುತ್ತಿದ್ದರು. ನಾನು ಕೊಟ್ಟ ಚಿತ್ರಾನ್ನ ಪಕ್ಕದಲ್ಲೇ ಒಣಗಿತು. ಸಂಜೆ ಪೆಟ್ಟಿಗೆಗೆ ಸೀಲು ಹಾಕಿ ಗಾಡಿಗೆ ಏರಿಸಿದ ಮೇಲೆ ಎದ್ದು, ಪಂಚೆ ಕೊಡವಿಕೊಂಡು, ಯಾರಿಗೂ ಹೇಳದೆ ಹೋದರು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರ ಅವರು ಬಂದರು, ಕೈಯಲ್ಲಿ ಹೊಸ ಬಿಳಿ ಹಾಳೆಗಳು. ಹೊಸದಾಗಿ ಹೆಸರು ಸೇರಿಸುವ ನಮೂನೆ ಆರನ್ನು ನಾನು ಮೊದಲೇ ತುಂಬಿ ಇಟ್ಟಿದ್ದೆ, ಸಹಿ ಮಾಡಿದರೆ ಸಾಕಿತ್ತು. ಅವರು ಅದನ್ನು ಮುಟ್ಟಲಿಲ್ಲ.

"ಒಸ್ದಾಗಿ ಸೇರ್ಸಿ ಅಂತ ನಾನ್ಯಾಕೆ ಬರೀಲಿ ಮೇಡಂ? ನಾನ್ ಒಸಬ್ನಾ? ತೆಗ್ದದ್ದು ತಪ್ಪು ಅಂತ ಬರ್ದು ಇದ್ದ ಜಾಗಕ್ಕೇ ಆಕ್ಲಿ. ನನ್ ಅರ್ಜಿ ನೀವೇ ಬರ್ದುಕೊಡಿ, ನಿಮ್ ಅಕ್ಸರ ಗುಂಡಗದೆ."

ಹೆಂಡತಿಯ ಹೆಸರು ತೆಗೆಯುವ ಕಾಗದಕ್ಕೆ ಮಾತ್ರ ತಾವೇ ಸಹಿ ಮಾಡಿದರು. "ಅವ್ಳ್ದು ಫೋಟ ಅದೊಂದೇ ಸಂದಾಕ್ ಬಂದಿತ್ತು" ಎಂದು ಕಾಗದವನ್ನು ನನ್ನ ಕಡೆ ಸರಿಸಿದರು.

ಮೂರನೇ ತರಗತಿಯ ಬೆಂಚಿನ ಮೇಲೆ ಕೂತು ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹೆಸರು ಹೋದ ವಿಷಯ ನಾಲ್ಕು ಸಾಲಿನಲ್ಲಿ ಮುಗಿಯಿತು. ಸಾಕಲ್ಲ ಯಜಮಾನ್ರೇ ಅಂದೆ. ಸಾಲದು ಅಂದರು. "ಓಟ್ನಲ್ಲಿ ಯೋಳಕ್ ಆಗ್ನಿಲ್ವಲ್ಲ, ಇದ್ರಲ್ಲೇ ಸೇರ್ಸಿ." ಯೋಜನೆಯ ನಲ್ಲಿಗೆ ನೀರಿಲ್ಲದ್ದು. ಯಾವ ಸರ್ಕಾರ ಯಾವ ಲೆಕ್ಕ ಕೊಟ್ಟರೂ ಕೊನೆಯ ಮನೆಯ ನಲ್ಲಿ ತಿರುಗಿಸಿ ನೋಡದೆ ನಂಬಬಾರದು ಎನ್ನುವುದು. ರಾಗಿ. ಕೂಲಿ ಕೆಲಸ. ಹನ್ನೊಂದು ಮಕ್ಕಳ ಶಾಲೆ ಮುಚ್ಚಬಾರದೆಂದು, ಅದಕ್ಕೆ ಟೀಚರ ಮಕ್ಕಳೂ ಬರಬೇಕೆಂದು. ನನ್ನ ಮುಖ ನೋಡಿ ನಕ್ಕರು, "ಬರೀರಿ ಬರೀರಿ" ಅಂದರು. ಊರ ಹತ್ತಿರ ಆಂಬುಲೆನ್ಸು ಬೇಕೆಂದು ಎರಡು ಸಲ ಬರೆಸಿದರು. ಕೇರಿಗೊಂದು ಸ್ಮಶಾನ ಬೇಕೆಂದು, ತಮ್ಮ ಹೆಂಡತಿಯನ್ನು ಕೆರೆಯಂಚಿನಲ್ಲಿ ಹೂತಿರುವುದಾಗಿ, ಈ ಮಳೆಗಾಲ ಕೆರೆ ತುಂಬಿದರೆ ಅವಳ ಗತಿಯೇನೆಂದು. ಮೂರು ಪುಟ ತುಂಬಿತು.

ಕೊನೆಗೆ ನಾನು 'ಕಂಪ್ಯೂಟರಿನ ದೋಷದಿಂದ ಹೀಗಾಗಿರುವುದರಿಂದ' ಎಂದು ಬರೆದು ಪೆನ್ನು ಎತ್ತಿದೆ.

"ಇನ್ನೊಂದ್ ಮಾತು ಆಕಿ" ಎಂದರು. "ಇದ್ರಲ್ಲಿ ನಮ್ಮೂರು ಇಸ್ಕೂಲ್ ಮೇಡಂನೋರ್ದು ಏನೂ ತಪ್ಪಿಲ್ಲ ಅಂತ. ಇಲ್ದೆ ಓದ್ರೆ ಆ ಆಪೀಸ್ನೋರು ಕೊನೇಗೆ ನಿಮ್ ತಲೇಗೇ ಕಟ್ತಾರೆ. ನಾನ್ ಕಂಡಿಲ್ವಾ."

ಬರೆದೆ. ನನ್ನ ಕೈಯಲ್ಲೇ, ಗುಂಡಗಿನ ಅಕ್ಷರದಲ್ಲಿ. ಹೊರಗೆ ಮಕ್ಕಳು ಬೆಲ್ಲು ಹೊಡೆದರು. ಅವರು ಸಹಿ ಮಾಡಿ, ಹಾಳೆಗಳನ್ನು ಮಡಿಸದೆ ನಿಧಾನವಾಗಿ ಕವರಿಗೆ ಸೇರಿಸಿ, ಅಲ್ಲಿಂದ ನೇರವಾಗಿ ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟು ಬಂದರು.

ಆರು ತಿಂಗಳು ಮುಗಿದ ಮೇಲೆ ಮನೆಗೆ ವಾಪಸಾದರು. ಶಾಲೆಯ ಮುಂದೆ ಹೋಗುವಾಗೆಲ್ಲ "ಏನಾರಾ ಬಂತಾ ಮೇಡಂ?" ಎಂದು ಕೇಳುತ್ತಿದ್ದರು. ಪ್ರತಿ ಸಲ ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ನಾಳೆ, ನಾಳಿದ್ದು, ಗೌರಿ ಹಬ್ಬ ಕಳೆಯಲಿ. ಹಬ್ಬದ ಹಿಂದಿನ ವಾರ ಎದೆನೋವಿನಲ್ಲೇ ಹೋದರು. ಕೆರೆಯಂಚಿನಲ್ಲಿ ಹೆಂಡತಿಯ ಪಕ್ಕದಲ್ಲಿ ಹೂತರು. ಆ ವರ್ಷ ಕೆರೆ ತುಂಬಿತ್ತು, ಗುಂಡಿಯಲ್ಲಿ ನೀರು ಜಿನುಗುತ್ತಿತ್ತು, ಬಕೆಟ್ಟಿನಲ್ಲಿ ತೋಡಿ ಹಾಕಿ ಹೂಳಬೇಕಾಯಿತು. ನಾನು ದಡದ ಮೇಲೆ ನಿಂತು ನೋಡಿದೆ.

ದೀಪಾವಳಿ ಕಳೆದ ಮೇಲೆ ಶಾಲೆಗೆ ಒಂದು ಲಕೋಟೆ ಬಂತು. ಒಳಗೆ ಅದೇ ಮೂರು ಪುಟ, ನನ್ನದೇ ಅಕ್ಷರ. ಮೇಲೆ ಕೆಂಪು ಶಾಯಿಯಲ್ಲಿ, 'ಬಿಎಲ್‌ಒ ಅವರು ಪರಿಶೀಲಿಸಿ ವರದಿ ನೀಡುವುದು.' ನನ್ನ ಮೇಲಿನ ದೂರು ಎಲ್ಲೆಲ್ಲೋ ತಿರುಗಿ ನನ್ನ ಮೇಜಿಗೇ ಬಂದಿತ್ತು. ಅದನ್ನು ಚೀಲದಲ್ಲಿಟ್ಟು ಮನೆಗೆ ಒಯ್ದೆ. ಬೆಳಿಗ್ಗೆ ಎದ್ದು ವರದಿ ಬರೆದೆ. ಕಂಪ್ಯೂಟರಿನ ತಪ್ಪಿಲ್ಲ, ನಾನು ಆ ಮನೆಯ ಅಂಗಳಕ್ಕೆ ಹೋಗಿರಲಿಲ್ಲ, ಯಾರನ್ನೂ ವಿಚಾರಿಸಿರಲಿಲ್ಲ, ಬದುಕಿದ್ದವರನ್ನು ಸತ್ತರೆಂದು ಬರೆದವಳು ನಾನೇ. ಬರೆದ ಮೇಲೆ ಸ್ವಲ್ಪ ಉಸಿರಾಡಿದಂತಾಯಿತು. ಅರ್ಧ ದಿನ ರಜೆ ಹಾಕಿ ಕಚೇರಿಗೆ ನಾನೇ ಒಯ್ದೆ.

ಗುಮಾಸ್ತರು ಚಿಕ್ಕ ವಯಸ್ಸಿನವರು. ನನ್ನ ವರದಿಯನ್ನು ಓದಿ ಆಚೀಚೆ ನೋಡಿದರು. "ಏನ್ ಮೇಡಂ ಇದು, ಯಾರಾದ್ರೂ ಹಿಂಗ್ ಬರ್ಕೊಡ್ತಾರಾ? ಅರ್ಜಿದಾರರು ಈಗ ಎಲ್ಲವ್ರೆ?"

"ಇಲ್ಲ. ತೀರಿಕೊಂಡರು."

"ಓ, ಅಂಗಾದ್ರೆ ಈಗ ಲಿಸ್ಟ್ ಸರಿಯಾಗೇ ಅದ್ಯಲ್ಲ! ಸುಮ್ನೆ ಯಾಕೆ ಸರ್ವೀಸಿಗೆ ಕುತ್ತು ತಂದ್ಕೊತೀರಿ?" ಎಂದು ನನ್ನ ವರದಿಯನ್ನು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು. ಅರ್ಜಿಯ ಮೂರು ಪುಟಗಳನ್ನು ಓದದೆ ತಿರುವಿ, ಕೊನೆಯ ಪುಟದ ಕೆಳಗೆ 'ಅರ್ಜಿದಾರರು ಮೃತಪಟ್ಟಿರುವುದರಿಂದ ಮುಕ್ತಾಯ' ಎಂದು ಬರೆದರು.

"ಇಲ್ಲೊಂದು ಸೈನ್ ಹಾಕಿ ಮೇಡಂ. ಸತ್ತಿರೋದು ನಿಜ ಅಂತ ನೀವೇ ಹೇಳ್ಬೇಕಲ್ಲ."

ಪೆನ್ನು ಅವರೇ ಕೊಟ್ಟರು. ಸಹಿ ಹಾಕಿದೆ.